ಆಫರ್ ಲೆಟರ್‌ನ ಒಂದು ಸಾಲು

ಪಕ್ಕದ ಮನೆಯ ಹುಡುಗಿಗೆ ಕೆಲಸ ಸಿಕ್ಕಿತ್ತು. ಆದರೂ ಸಪ್ಪೆ ಮುಖ ಮಾಡಿಕೊಂಡು ಬಂದಳು. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ. ಮುಗಿಸಿದವಳು. "ಆಂಟಿ, ಕಂಪನಿ ಹಾಸ್ಟೆಲ್‌ನಲ್ಲೇ ಇರಬೇಕಂತೆ. ಸಂಬಳದಲ್ಲೇ ಬಾಡಿಗೆ ಹಿಡ್ಕೊಳ್ತಾರಂತೆ. ಅಪ್ಪ ಈ ಕೆಲಸ ಬೇಡ ಅಂತಿದ್ದಾರೆ" ಅಂದಳು.

ಆಫರ್ ಲೆಟರ್ ಇಸ್ಕೊಂಡು ಓದಿದೆ. 'ಶುಡ್ ಯು ರಿಕ್ವೈರ್ ಅಕಾಮಡೇಶನ್, ಪ್ಲೀಸ್ ಇನ್ಫಾರ್ಮ್ ಅಸ್' ಎಂದಿತ್ತು. ಉಳಿಯಲು ಜಾಗ ಬೇಕಿದ್ದರೆ ತಿಳಿಸಿ, ಅಷ್ಟೇ. ಬಾಡಿಗೆಯ ಮಾತು ಹಾಸ್ಟೆಲ್ ಸೇರುವವರಿಗೆ ಮಾತ್ರ. 'ಶುಡ್' ಅಂದರೆ 'ಮಾಡಲೇಬೇಕು' ಎಂದು ನಾವೇ ಶಾಲೆಯಲ್ಲಿ ಬಾಯಿಪಾಠ ಮಾಡಿಸಿರುತ್ತೇವೆ. ಅವಳು ಹಾಗೆ ಓದಿದ್ದು ಸಹಜವೇ ಅಲ್ವಾ?

ಅವಳನ್ನು ಕೂರಿಸಿಕೊಂಡು ಹಾಳೆಯ ಮೇಲೆ ಬರೆದು ತೋರಿಸಿದೆ. ಇಂಗ್ಲಿಷಿನ ಔಪಚಾರಿಕ ಬರವಣಿಗೆಯಲ್ಲಿ 'ಇಫ್' ಬಿಟ್ಟು, ಸಹಾಯಕ ಕ್ರಿಯಾಪದವನ್ನೇ ಮೊದಲಿಗೆ ತರುತ್ತಾರೆ. 'ಇಫ್ ಐ ಹ್ಯಾಡ್ ನೋನ್', ಅಂದರೆ 'ನನಗೆ ಗೊತ್ತಿದ್ದಿದ್ದರೆ' ಎಂಬುದು 'ಹ್ಯಾಡ್ ಐ ನೋನ್' ಆಗುತ್ತದೆ. ಈಗಿನ ಇಂಗ್ಲಿಷಿನಲ್ಲಿ ಹೀಗೆ ಮುಂದೆ ಬರುವುದು ಹೆಚ್ಚಾಗಿ ಮೂರೇ ಪದ. ಆಗದೇ ಹೋದ ಹಳೆಯ ಸಂಗತಿಗೆ 'ಹ್ಯಾಡ್', ಬರೀ ಕಲ್ಪನೆಗೆ 'ವರ್', ಮುಂದೆ ಆಗಬಹುದಾದದ್ದಕ್ಕೆ 'ಶುಡ್'. ಕಾಗದಪತ್ರಗಳಲ್ಲಿ ಜಾಸ್ತಿ ಸಿಗುವುದು ಈ ಕೊನೆಯದೇ.

"ಇದು ಪ್ರಶ್ನೆ ಇದ್ದ ಹಾಗಿದೆಯಲ್ಲ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಪದಗಳ ಜೋಡಣೆ ಎರಡರಲ್ಲೂ ಒಂದೇ. ಹಾಗಾಗಿ ವಾಕ್ಯವನ್ನು ಪೂರ್ತಿ ಓದಬೇಕು. ಪ್ರಶ್ನಾರ್ಥಕ ಚಿಹ್ನೆ ಇಲ್ಲದೆ, ಅಲ್ಪವಿರಾಮದ ನಂತರ ಇನ್ನೊಂದು ಮಾತು ಬಂದರೆ ಅದು ಷರತ್ತು. 'ನಾಟ್' ಬರುವ ಕಡೆ ಇನ್ನೊಂದು ಗುರುತು ಇದೆ. 'ಅವಳು ಬರದೇ ಇದ್ದಿದ್ದರೆ' ಎನ್ನಲು 'ಹ್ಯಾಡ್ ಶಿ ನಾಟ್ ಕಮ್' ಎಂದು ಬಿಡಿಸಿ ಬರೆಯುತ್ತಾರೆ. 'ಹ್ಯಾಡಂಟ್ ಶಿ ಕಮ್' ಎಂದು ಕೂಡಿಸಿದರೆ ಷರತ್ತಿನ ಅರ್ಥ ಹೋಗಿ ಪ್ರಶ್ನೆಯೇ ಆಗಿಬಿಡುತ್ತದೆ.

"ಉತ್ತರ ಬರೆಯುವಾಗ ನಾನೂ ಹೀಗೇ ಬರೀಬೇಕಾ ಆಂಟಿ?" ಬೇಡವೇ ಬೇಡ ಅಂದೆ. 'ಇಫ್' ಹಾಕಿ ಬರೆದರೆ ಮರ್ಯಾದೆಗೇನೂ ಕೊರತೆಯಿಲ್ಲ. ಈ ರೂಪ ಬರೆಯಲು ಬರದಿದ್ದರೂ ನಡೆಯುತ್ತದೆ, ಓದಲು ಮಾತ್ರ ಬರಲೇಬೇಕು.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಪಾಠದಲ್ಲಿ ಇದನ್ನು 'ಇಫ್ ಇಲ್ಲದೆ ಬರೆಯಿರಿ' ಎಂಬ ಅಭ್ಯಾಸಕ್ಕೆ ಸೀಮಿತ ಮಾಡುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಮಕ್ಕಳು ನಾಳೆ ಸಹಿ ಹಾಕುವ ಸಾಲದ ಪತ್ರದಲ್ಲಿ 'ಶುಡ್ ದ ಬಾರೋವರ್ ಫೇಲ್ ಟು ಪೇ' ಎಂದಿರಬಹುದು. ಸಾಲಗಾರ ಕಂತು ಕಟ್ಟದಿದ್ದರೆ ಏನಾಗುತ್ತದೆ ಎಂಬುದು ಅದರ ಮುಂದೆಯೇ ಇರುತ್ತದೆ. ಈ ಜೂನ್‌ನಿಂದ ಹತ್ತನೇ ತರಗತಿಯಲ್ಲಿ ಇಂಥ ಪತ್ರಗಳನ್ನೇ ಓದಿಸುತ್ತಿದ್ದೇನೆ.