ಬಡವರ ದುಡ್ಡಲ್ಲಿ ವಾಲಿಬಾಲ್ ಕೋರ್ಟು

ಅಮೆರಿಕದಲ್ಲಿ ಹಿಂಗೆಲ್ಲಾ ಪುಕ್ಸಟ್ಟೆ ಕೊಡಲ್ಲಪ್ಪ, ದುಡಿದೋನಿಗೆ ಊಟ ಅಷ್ಟೇ ಅಂತ ಅಲ್ಲಿರೋ ನಮ್ಮ ನೆಂಟರು ಗೃಹಲಕ್ಷ್ಮಿಯ 2000 ರೂಪಾಯಿ ಬಗ್ಗೆ ಆಡ್ಕೊಳ್ಳೋವಾಗೆಲ್ಲಾ ಹೇಳ್ತಾರೆ. ಅಲ್ಲೂ ಕೊಡ್ತಾರೆ ಸ್ವಾಮಿ, ತಕರಾರು ಇರೋದು ಯಾರಿಗೆ ಕೊಡ್ತಾರೆ ಅನ್ನೋದರ ಮೇಲೆ.

ಟಾಮ್ ವಾಟ್ಸನ್ ಅಂತ ಅಮೆರಿಕದ ದಕ್ಷಿಣದ ಜಾರ್ಜಿಯಾ ರಾಜ್ಯದಲ್ಲಿ ಪಾಪ್ಯುಲಿಸ್ಟ್ ಅನ್ನೋ ರೈತರ ಪಾರ್ಟಿಯ ಲೀಡರ್ ಒಬ್ಬ ಇದ್ದ. ನಿಮ್ಮನ್ನ ಬೇರೆ ಬೇರೆ ಇಟ್ಟಿರೋದೇ ಇಬ್ಬರನ್ನೂ ದೋಚೋಕೆ ಅಂತ 1892ರಲ್ಲಿ ಬಿಳಿ ರೈತರಿಗೂ ಕಪ್ಪು ರೈತರಿಗೂ ಹೇಳ್ತಿದ್ದ, ಸೋತು ಸೋತು ಸಾಕಾದ ಮೇಲೆ ಅದೇ ಮನುಷ್ಯ ಕಪ್ಪು ಜನರ ವೋಟೇ ಕಿತ್ಕೊಳ್ಳಿ ಅನ್ನೋಕೆ ಶುರು ಮಾಡ್ದ, 1920ರಲ್ಲಿ ಸೆನೆಟ್‌ಗೂ ಗೆದ್ದ.

1935ರ ಸೋಶಿಯಲ್ ಸೆಕ್ಯೂರಿಟಿ ಕಾನೂನಲ್ಲಿ ಹೊಲದ ಕೂಲಿಯವರಿಗೂ ಮನೆಗೆಲಸದವರಿಗೂ ಪೆನ್ಷನ್ ಇರ್ಲಿಲ್ಲ. ದಕ್ಷಿಣದ ಕಪ್ಪು ಜನ ಹೆಚ್ಚಾಗಿ ಮಾಡ್ತಿದ್ದಿದ್ದು ಅವೆರಡೇ ಕೆಲಸ. ಇವರಿಂದ ತೆರಿಗೆ ವಸೂಲಿ ಕಷ್ಟ ಅಂತ ಬಿಟ್ರು, ಬಣ್ಣಕ್ಕಲ್ಲ ಅಂತ ವಾದಿಸೋ ಇತಿಹಾಸಕಾರರೂ ಇದ್ದಾರೆ, ಇರಬಹುದು. ಆದ್ರೆ ಕಾರಣ ಏನೇ ಇರ್ಲಿ, ತಲೆ ಎಣಿಸಿದ್ರೆ ಹಂಗೆ ಹೊರಗುಳಿದವರಲ್ಲಿ ಬಿಳಿಯರೇ ಜಾಸ್ತಿ, ಅದನ್ನ ಹೇಳೋರು ಕಮ್ಮಿ.

ಇನ್ನು ಅದೇ ಕಾನೂನಲ್ಲಿ ಬಡ ತಾಯಂದಿರಿಗೆ ಕೊಡೋ ದುಡ್ಡು. ಅದು ಎಷ್ಟು, ಯಾರಿಗೆ ಅಂತ ತೀರ್ಮಾನ ಮಾಡೋದನ್ನ ರಾಜ್ಯಗಳ ಕೈಗೇ ಬಿಟ್ರು. ಲೂಸಿಯಾನಾ 1943ರಲ್ಲಿ ಏನು ರೂಲ್ ಮಾಡ್ತು ಗೊತ್ತಾ, ಹತ್ತಿ ಹೊಲದಲ್ಲಿ ಕೆಲಸ ಇರೋ ಸೀಸನ್‌ನಲ್ಲಿ ಆ ತಾಯಂದಿರಿಗೆ ದುಡ್ಡು ಬಂದ್! ಬಡತನ ನೋಡಿ ಕೊಡೋ ದುಡ್ಡು ಹೊಲದ ಯಜಮಾನನಿಗೆ ಆಳು ಬೇಕಾದಾಗ ನಿಂತೋಗುತ್ತೆ.

1976ರಲ್ಲಿ ರೇಗನ್ (ಮುಂದೆ ಅಧ್ಯಕ್ಷರಾದವರು) ಪ್ರಚಾರದಲ್ಲಿ ಶಿಕಾಗೋದ ಹೆಂಗಸೊಬ್ಬಳ ಕತೆ ಹೇಳ್ಕೊಂಡು ಓಡಾಡಿದ್ರು, 80 ಹೆಸರು, 30 ಅಡ್ರೆಸ್ ಇಟ್ಕೊಂಡು ಸರ್ಕಾರನ ನುಂಗ್ತಿದ್ದಾಳೆ ಅಂತ. ಬಣ್ಣದ ಮಾತೇ ಎತ್ತಲಿಲ್ಲ, ಎತ್ತೋ ಅಗತ್ಯನೂ ಇರ್ಲಿಲ್ಲ, ಕಪ್ಪು ಹೆಂಗಸರ ಮಾತು ಅಂತ ಕೇಳೋರಿಗೆ ಅರ್ಥ ಆಯ್ತು. ಕಾರ್ಖಾನೆ ಮುಚ್ಚಿ ಕೆಲಸ ಕಳ್ಕೊಂಡ ಬಿಳಿ ಕಾರ್ಮಿಕನ ಸಿಟ್ಟು ಓನರ್ ಕಡೆ ತಿರುಗೋ ಬದಲು ಆ ಹೆಂಗಸಿನ ಕಡೆ ತಿರುಗಿದ್ರೆ ಓನರ್‌ಗೆ ಅದಕ್ಕಿಂತ ಒಳ್ಳೇದು ಇನ್ನೇನಿದೆ.

ಇಷ್ಟೆಲ್ಲಾ ಆದ್ಮೇಲೆ 1996ರಲ್ಲಿ ಅಧ್ಯಕ್ಷ ಕ್ಲಿಂಟನ್ (ಬಡವರ ಪರ ಅಂತ ಹೇಳ್ಕೊಳ್ಳೋ ಡೆಮಾಕ್ರಟ್ ಪಾರ್ಟಿಯವರೇ ಕಣ್ರೀ) ಸಹಿ ಹಾಕಿ ಬಡ ತಾಯಂದಿರ ಆ ಹಳೇ ಸ್ಕೀಮ್ ಮುಚ್ಚಿದ್ರು, ದುಡ್ಡು ಇಡಿಗಂಟಾಗಿ ರಾಜ್ಯಗಳಿಗೆ ಹೋಯ್ತು, ಹೆಚ್ಚುಕಮ್ಮಿ ಹೆಂಗೆ ಬೇಕೋ ಹಂಗೆ ಖರ್ಚು ಮಾಡ್ಕೊಳ್ಳಿ ಅಂತ. ಮಿಸಿಸಿಪ್ಪಿ ರಾಜ್ಯದವರು ಮಾಡ್ಕೊಂಡ್ರು. ಅದೇ ದುಡ್ಡಲ್ಲಿ 50 ಲಕ್ಷ ಡಾಲರ್ ಒಂದು ಯೂನಿವರ್ಸಿಟಿಯ ವಾಲಿಬಾಲ್ ಸ್ಟೇಡಿಯಂಗೆ ಹೋಯ್ತು, 2020ರಲ್ಲಿ ಹಗರಣ ಆಚೆ ಬಂತು. ಆಗ ಅಲ್ಲಿ ಮೂರು ಜನರ ಬಡ ಕುಟುಂಬಕ್ಕೆ ತಿಂಗಳಿಗೆ ಸಿಗ್ತಿದ್ದಿದ್ದು ಜಾಸ್ತಿ ಅಂದ್ರೆ 170 ಡಾಲರ್. ಅದಕ್ಕೂ ಅರ್ಜಿ ಹಾಕೋರು ಡ್ರಗ್ಸ್ ತಗೋತೀರಾ ಅನ್ನೋ ಪ್ರಶ್ನೆಪತ್ರಿಕೆ ತುಂಬಬೇಕು, 2014ರಿಂದಲೇ ಕಾನೂನು ಇದೆ. ಸ್ಟೇಡಿಯಂ ಕಟ್ಟಿಸಿಕೊಂಡೋರಿಗೆ ಅಂಥ ಪ್ರಶ್ನೆಪತ್ರಿಕೆ ಏನೂ ಇರ್ಲಿಲ್ಲ.