ಕರೆಂಟ್ ಹೋಗಿ ಗಿಟ್ ರೆಪೊ ಕೆಟ್ಟರೆ: ಒಳಗಿನ ಕಮಾಂಡ್‌ಗಳಿಂದ ದುರಸ್ತಿ

ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ತೀರ್ಥಹಳ್ಳಿ, ಹೊಸನಗರ ಕಡೆ ಸುದ್ದಿಯೇ ಅಲ್ಲ. ಯುಪಿಎಸ್ ಬ್ಯಾಟರಿ ಸತ್ತ ಡೆಸ್ಕ್‌ಟಾಪ್‌ನಲ್ಲಿ ಆಗಷ್ಟೇ ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ತಂತ್ರಾಂಶ) ಕಮಿಟ್ ಹೊಡೆದಿದ್ದರೆ, ಅಂದರೆ ಬದಲಾವಣೆಯನ್ನು ಇತಿಹಾಸಕ್ಕೆ ಸೇರಿಸಿದ್ದರೆ, ಕರೆಂಟ್ ಬಂದ ಮೇಲೆ ಕಾಣುವುದು ಇದು:

ಎರರ್: ಆಬ್ಜೆಕ್ಟ್ ಫೈಲ್ .ಗಿಟ್/ಆಬ್ಜೆಕ್ಟ್ಸ್/… ಈಸ್ ಎಂಪ್ಟಿ
ಫೇಟಲ್: ಲೂಸ್ ಆಬ್ಜೆಕ್ಟ್ … ಈಸ್ ಕರಪ್ಟ್

ಹೆಚ್ಚಿನವರು ಇಲ್ಲಿಗೇ ಕೈಚೆಲ್ಲಿ, ಫೋಲ್ಡರ್ ಅಳಿಸಿ, ಹೊಸದಾಗಿ ಕ್ಲೋನ್ ಮಾಡುತ್ತಾರೆ. ಪುಶ್ ಆಗದ ಕಮಿಟ್, ಸ್ಟ್ಯಾಶ್, ಲೋಕಲ್ ಬ್ರಾಂಚ್ ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಅಷ್ಟು ದೂರ ಹೋಗಬೇಕಿಲ್ಲ. ಗಿಟ್‌ನಲ್ಲಿ ಆಬ್ಜೆಕ್ಟಿನ (ಅದು ಕೂಡಿಡುವ ಪ್ರತಿ ತುಣುಕಿನ) ಹೆಸರು, ಅಂದರೆ ಹ್ಯಾಶ್, ಹುಟ್ಟುವುದೇ ಅದರೊಳಗಿನ ಬೈಟ್‌ಗಳಿಂದ. ಅದೇ ಬೈಟ್‌ಗಳು ವರ್ಕಿಂಗ್ ಫೋಲ್ಡರ್‌ನಲ್ಲೋ ಸಾಗರದ ಗೆಳೆಯರ ಲ್ಯಾಪ್‌ಟಾಪ್‌ನಲ್ಲೋ ಸಿಕ್ಕರೆ, ಹೋದ ಆಬ್ಜೆಕ್ಟ್ ಅದೇ ಹೆಸರಿನಲ್ಲಿ ಮರಳಿ ಬರುತ್ತದೆ. ಇದಕ್ಕೆ ಬೇಕಾದದ್ದು ಪ್ಲಂಬಿಂಗ್ ಕಮಾಂಡ್‌ಗಳು, ಅಂದರೆ ಗಿಟ್‌ನ ಒಳಗಿನ ಕೆಳಹಂತದ ಕಮಾಂಡ್‌ಗಳು. 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಮೊದಲ ಗಿಟ್‌ನಲ್ಲಿ ಇದ್ದದ್ದೇ ಇಂಥವು: ಕ್ಯಾಟ್-ಫೈಲ್, ರೀಡ್-ಟ್ರೀ, ರೈಟ್-ಟ್ರೀ, ಕಮಿಟ್-ಟ್ರೀ ಆಗಲೇ ಇದ್ದವು, ಇವತ್ತೂ ಅದೇ ಕೆಲಸ ಮಾಡುತ್ತವೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ. ಹೆಡ್ (ನೀವು ಈಗ ನಿಂತಿರುವ ಕಮಿಟ್‌ನ ಗುರುತು) ಮತ್ತು ಎನ್ವಿರಾನ್ಮೆಂಟ್ ವೇರಿಯಬಲ್‌ಗಳು ಮಾತ್ರ ದೊಡ್ಡಕ್ಷರ.

ಫೈಲ್ ಇದೆ, ಒಳಗೆ ಏನೂ ಇಲ್ಲ

ಹೊಸ ಆಬ್ಜೆಕ್ಟನ್ನು ಗಿಟ್ ಮೊದಲು ಟೆಂಪ್ ಫೈಲ್ ಆಗಿ ಬರೆದು, ಆಮೇಲೆ ಅದರ ಖಾಯಂ ಹೆಸರಿಗೆ ಬದಲಿಸುತ್ತದೆ. ಹೆಸರು ಬದಲಾದದ್ದು ಫೈಲ್‌ಸಿಸ್ಟಮ್‌ನ ಜರ್ನಲ್‌ಗೆ ಸೇರಿರುತ್ತದೆ, ಒಳಗಿನ ಡೇಟಾ ಇನ್ನೂ ರ‍್ಯಾಮ್‌ನಲ್ಲೇ ಇರುತ್ತದೆ. ಆ ಹೊತ್ತಿಗೆ ಕರೆಂಟ್ ಹೋದರೆ ಸರಿಯಾದ ಹೆಸರಿನ ಸೊನ್ನೆ ಬೈಟಿನ ಫೈಲ್ ಉಳಿಯುತ್ತದೆ. ಹಾಗಾಗಿ ಕೆಡುವುದು ಸಾಮಾನ್ಯವಾಗಿ ಕೊನೆಯ ಕೆಲವು ಕ್ಷಣಗಳಲ್ಲಿ ಬರೆದದ್ದು ಮಾತ್ರ. ಹಳೆಯ ಇತಿಹಾಸ, ಹಲವು ಆಬ್ಜೆಕ್ಟ್‌ಗಳನ್ನು ಒಟ್ಟಿಗೆ ಕಟ್ಟಿಟ್ಟ ಪ್ಯಾಕ್ ಫೈಲ್‌ಗಳಲ್ಲಿ ತಣ್ಣಗೆ ಕೂತಿರುತ್ತದೆ.

ಮೊದಲು ಇಡೀ .ಗಿಟ್ ಫೋಲ್ಡರ್‌ನ ಒಂದು ನಕಲು ತೆಗೆದಿಡಿ. ಕಸ ಗುಡಿಸುವ ಗಿಟ್ ಜಿಸಿ ಕಮಾಂಡ್ ಮಾತ್ರ ಈಗ ಓಡಿಸಬೇಡಿ. ಯಾವುದಕ್ಕೂ ಜೋತುಬೀಳದ ಆಬ್ಜೆಕ್ಟ್‌ಗಳೇ ನಾಳೆ ಕೈಹಿಡಿಯುವುದು, ಜಿಸಿ ಅವನ್ನೇ ಗುಡಿಸಿಬಿಡಬಹುದು. ನಂತರ ಎಫ್‌ಎಸ್‌ಸಿಕೆ ಎಂಬ ತಪಾಸಣೆಯ ಕಮಾಂಡ್, ನಡುವೆ ಖಾಲಿ ಫೈಲ್‌ಗಳ ಅಳಿಸುವಿಕೆ:

ಗಿಟ್ ಎಫ್‌ಎಸ್‌ಸಿಕೆ --ಫುಲ್
ಫೈಂಡ್ .ಗಿಟ್/ಆಬ್ಜೆಕ್ಟ್ಸ್ -ಟೈಪ್ ಎಫ್ -ಎಂಪ್ಟಿ -ಡಿಲೀಟ್
ಗಿಟ್ ಎಫ್‌ಎಸ್‌ಸಿಕೆ --ಫುಲ್

ಖಾಲಿ ಫೈಲ್‌ಗಳನ್ನು ಅಳಿಸಲು ಹೆದರುವವರಿದ್ದಾರೆ. ಅಳಿಸಲೇಬೇಕು. ಆ ಹೆಸರಿನ ಫೈಲ್ ಇದ್ದರೆ, ಆಬ್ಜೆಕ್ಟ್ ಬರೆಯುವ ಹ್ಯಾಶ್-ಆಬ್ಜೆಕ್ಟ್ ಕಮಾಂಡ್ ‘ಇದು ನನ್ನ ಬಳಿ ಇದೆ’ ಎಂದುಕೊಂಡು ಅದರ ಸಮಯವನ್ನಷ್ಟೇ ಬದಲಿಸಿ ಸುಮ್ಮನಾಗುತ್ತದೆ. ಒಳಗಿನದನ್ನು ಮತ್ತೆ ಬರೆಯುವುದಿಲ್ಲ. ಸರಿಯಾದ ಹ್ಯಾಶ್ ಸ್ಕ್ರೀನಿನ ಮೇಲೆ ಬಂದರೂ ರೆಪೊ ಕೆಟ್ಟೇ ಇರುವುದಕ್ಕೆ ಕಾರಣ ಇದು. ಎರಡನೇ ಸಲ ಎಫ್‌ಎಸ್‌ಸಿಕೆ ಓಡಿಸಿದಾಗ ‘ಮಿಸ್ಸಿಂಗ್ ಬ್ಲಾಬ್’, ‘ಮಿಸ್ಸಿಂಗ್ ಟ್ರೀ’, ‘ಬ್ರೋಕನ್ ಲಿಂಕ್ ಫ್ರಮ್’ ಎಂಬ ಸಾಲುಗಳು ಬರುತ್ತವೆ. ನಿಮ್ಮ ಕೆಲಸದ ಪಟ್ಟಿ ಅದೇ. ‘ಡ್ಯಾಂಗ್ಲಿಂಗ್’ ಎಂದು ಬಂದದ್ದು ದೋಷವಲ್ಲ, ಬಿಟ್ಟುಬಿಡಿ.

ಬ್ಲಾಬ್

ಬ್ಲಾಬ್ ಎಂದರೆ ಫೈಲಿನ ಒಳಗಿನದಷ್ಟೇ. ಹೆಸರು, ಪರ್ಮಿಶನ್ ಯಾವುದೂ ಅದರಲ್ಲಿಲ್ಲ. ಎಕೋದಿಂದ ‘ಅಡಿಕೆ’ ಎಂದು ಬರೆದು ಒಂದು ಫೈಲ್ ಮಾಡಿದರೆ ಅದು 16 ಬೈಟ್: ಅ, ಡ, ಇಕಾರದ ಗುಡಿಸು, ಕ, ಎಕಾರದ ಚಿಹ್ನೆ ಹೀಗೆ 5 ಕೋಡ್ ಪಾಯಿಂಟ್‌ಗಳಿಗೆ ಯುಟಿಎಫ್-8ರಲ್ಲಿ ತಲಾ 3 ಬೈಟ್, ಕೊನೆಗೆ ಹೊಸ ಸಾಲಿನ 1 ಬೈಟ್. ಗಿಟ್ ಇದರ ಮುಂದೆ ‘ಬ್ಲಾಬ್ 16’ ಮತ್ತು ಒಂದು ಶೂನ್ಯ ಬೈಟ್ ಸೇರಿಸುತ್ತದೆ, ಅದು 8 ಬೈಟ್. ಒಟ್ಟು 24 ಬೈಟ್‌ಗೆ ಎಸ್‌ಎಚ್‌ಎ-1 ಲೆಕ್ಕ ಹಾಕಿದರೆ 40 ಅಕ್ಷರದ ಹ್ಯಾಶ್. ಮೊದಲ 2 ಅಕ್ಷರ ಫೋಲ್ಡರ್‌ನ ಹೆಸರು, ಉಳಿದ 38 ಫೈಲಿನ ಹೆಸರು. ಡಿಸ್ಕ್‌ಗೆ ಹೋಗುವುದು ಆ 24 ಬೈಟ್‌ಗಳನ್ನು ಝಡ್‌ಲಿಬ್‌ನಲ್ಲಿ ಹಿಂಡಿದ ರೂಪ.

ಕಳೆದ ಬ್ಲಾಬ್ ಯಾವ ಫೈಲಿನದು ಎಂದು ಇಂಡೆಕ್ಸ್ (ಮುಂದಿನ ಕಮಿಟ್‌ಗೆ ಸಿದ್ಧವಿರುವ ಫೈಲ್‌ಗಳ ಪಟ್ಟಿ) ಹೇಳುತ್ತದೆ:

ಗಿಟ್ ಎಲ್‌ಎಸ್-ಫೈಲ್ಸ್ -ಎಸ್ | ಗ್ರೆಪ್ <ಹ್ಯಾಶ್>

ಇಂಡೆಕ್ಸ್‌ನಲ್ಲಿ ಇಲ್ಲದಿದ್ದರೆ ಗಿಟ್ ಎಲ್‌ಎಸ್-ಟ್ರೀ -ಆರ್ <ಕಮಿಟ್> ಎಂದು ಕೊಟ್ಟು ಹುಡುಕಿ. ಫೈಲಿಗೆ ಕನ್ನಡ ಹೆಸರಿಟ್ಟವರಿಗೆ ಇಲ್ಲೊಂದು ತೊಡಕಿದೆ. ‘ಅಡಿಕೆ’ ಎಂಬ ಹೆಸರು \340\262\205\340\262\241\340\262\277\340\262\225\340\263\206 ಎಂದು ಕಾಣುತ್ತದೆ. ಯಾವುದೂ ಕೆಟ್ಟಿಲ್ಲ, ಆಸ್ಕಿ ಅಲ್ಲದ ಬೈಟ್‌ಗಳನ್ನು ಗಿಟ್ ಆಕ್ಟಲ್‌ನಲ್ಲಿ ತೋರಿಸುವುದು ಡಿಫಾಲ್ಟ್. ಕನ್ನಡದ ಪ್ರತಿ ಅಕ್ಷರವೂ \340\262 ಅಥವಾ \340\263ರಿಂದಲೇ ಶುರು. ಗಿಟ್ ಕಾನ್ಫಿಗ್ ಕೋರ್.ಕೋಟ್‌ಪಾತ್ ಫಾಲ್ಸ್ ಎಂದರೆ ಕನ್ನಡವೇ ಬರುತ್ತದೆ. ಸ್ಕ್ರಿಪ್ಟ್‌ನಲ್ಲಾದರೆ -ಝಡ್ ಆಯ್ಕೆ ಬಳಸಿ; ಹೆಸರುಗಳು ಇದ್ದ ಹಾಗೆಯೇ, ನಡುವೆ ಶೂನ್ಯ ಬೈಟ್‌ನೊಂದಿಗೆ ಬರುತ್ತವೆ.

ಫೈಲ್ ಗೊತ್ತಾಯಿತು, ಅದು ವರ್ಕಿಂಗ್ ಫೋಲ್ಡರ್‌ನಲ್ಲಿ ಬದಲಾಗದೆ ಇದೆ ಎಂದಾದರೆ:

ಗಿಟ್ ಹ್ಯಾಶ್-ಆಬ್ಜೆಕ್ಟ್ -ಡಬ್ಲ್ಯು ದರ/ಅಡಿಕೆ

ಬಂದ ಹ್ಯಾಶ್ ಎಫ್‌ಎಸ್‌ಸಿಕೆ ಕೇಳಿದ್ದಕ್ಕೆ ಅಕ್ಷರಕ್ಕಕ್ಷರ ಸರಿಹೊಂದಿದರೆ ಮುಗಿಯಿತು. ಹೊಂದದಿದ್ದರೆ ಕಮಿಟ್ ಆದಮೇಲೆ ಫೈಲ್ ಬದಲಾಗಿದೆ, ಇಲ್ಲವೇ ಸಾಲಿನ ಕೊನೆಯನ್ನು ತಿದ್ದುವ ಫಿಲ್ಟರ್ ಅಡ್ಡ ಬಂದಿದೆ. ವಿಂಡೋಸ್‌ನಲ್ಲಿ ಇದೇ ಮೊದಲ ಶಂಕಿತ. --ನೋ-ಫಿಲ್ಟರ್ಸ್ ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ ನೋಡಿ. ಬೇರೆಡೆಯಿಂದ ತಂದ ಬೈಟ್‌ಗಳನ್ನು --ಎಸ್‌ಟಿಡಿಇನ್ ಮೂಲಕ ಕೊಡುವಾಗ ಫಿಲ್ಟರ್ ತಾನಾಗಿ ಓಡುವುದಿಲ್ಲ, ಓಡಬೇಕಿದ್ದರೆ --ಪಾತ್ ಕೊಡಬೇಕು.

ಟ್ರೀ

ಬ್ಲಾಬ್‌ಗಳೆಲ್ಲ ಸರಿಯಾದ ಮೇಲೆಯೇ ಟ್ರೀಗೆ, ಅಂದರೆ ಒಂದು ಫೋಲ್ಡರ್‌ನೊಳಗಿನ ಹೆಸರು ಮತ್ತು ಹ್ಯಾಶ್‌ಗಳ ಪಟ್ಟಿಗೆ, ಕೈಹಾಕಿ. ಇಂಡೆಕ್ಸ್ ಚೆನ್ನಾಗಿದ್ದರೆ ಗಿಟ್ ರೈಟ್-ಟ್ರೀ ಎಂಬ ಒಂದೇ ಕಮಾಂಡ್ ಮೇಲಿನ ಟ್ರೀಯನ್ನೂ ಒಳಗಿನ ಎಲ್ಲ ಉಪ ಟ್ರೀಗಳನ್ನೂ ಬರೆದುಕೊಡುತ್ತದೆ. ಒಂದು ಬ್ಲಾಬ್ ಇಲ್ಲದಿದ್ದರೂ ‘ಎರರ್ ಬಿಲ್ಡಿಂಗ್ ಟ್ರೀಸ್’ ಎಂದು ನಿಲ್ಲುತ್ತದೆ. ಒಂದೇ ಫೋಲ್ಡರ್‌ನದು ಸಾಕಾದರೆ --ಪ್ರಿಫಿಕ್ಸ್=ದರ/ ಎಂದು ಕೊಡಿ. ಇಂಡೆಕ್ಸ್ ಮುಂದೆ ಹೋಗಿದ್ದು ನಿಮಗೆ ಬೇಕಾದದ್ದು ಹಳೆಯ ಟ್ರೀ ಆದರೆ, ಅದರ ಹಿಂದಿನ ಕಮಿಟ್‌ನ ಎಲ್‌ಎಸ್-ಟ್ರೀ ಪಟ್ಟಿಯನ್ನು ಫೈಲಿಗೆ ಇಳಿಸಿ, ಬದಲಾದ ಸಾಲಿನ ಹ್ಯಾಶ್ ತಿದ್ದಿ, ಗಿಟ್ ಎಂಕೆಟ್ರೀಗೆ ಕೊಡಬಹುದು. ಹ್ಯಾಶ್ ಮತ್ತು ಹೆಸರಿನ ನಡುವಿನ ಟ್ಯಾಬ್ ಎಡಿಟರ್‌ನಲ್ಲಿ ಸ್ಪೇಸ್ ಆಗಿಬಿಟ್ಟರೆ ಎಂಕೆಟ್ರೀ ಒಪ್ಪುವುದಿಲ್ಲ.

ಇಂಡೆಕ್ಸೇ ಕೆಟ್ಟು ‘ಬ್ಯಾಡ್ ಸಿಗ್ನೇಚರ್’ ಅಂದರೆ ಅಷ್ಟು ಚಿಂತೆ ಬೇಡ. .ಗಿಟ್/ಇಂಡೆಕ್ಸ್ ಅಳಿಸಿ ಗಿಟ್ ರೀಡ್-ಟ್ರೀ ಹೆಡ್ ಕೊಡಿ; ವರ್ಕಿಂಗ್ ಫೋಲ್ಡರ್ ಮುಟ್ಟದೆ ಇಂಡೆಕ್ಸ್ ಮತ್ತೆ ಕಟ್ಟುತ್ತದೆ. ಆಡ್ ಮಾಡಿ ಕಮಿಟ್ ಮಾಡದೆ ಬಿಟ್ಟಿದ್ದು ಇದ್ದರೆ ಗಿಟ್ ಎಫ್‌ಎಸ್‌ಸಿಕೆ --ಲಾಸ್ಟ್-ಫೌಂಡ್ ಅದನ್ನು .ಗಿಟ್/ಲಾಸ್ಟ್-ಫೌಂಡ್/ಅದರ್ ಒಳಗೆ ಇಳಿಸಿಕೊಡುತ್ತದೆ, ಹೆಸರಿಲ್ಲದೆ.

ಕಮಿಟ್, ಮತ್ತು ಬ್ರಾಂಚ್‌ನ ತುದಿ

ಕೊನೆಯ ಕಮಿಟ್ಟೇ ಹೋಗಿದ್ದರೆ ಹೆಡ್ ‘ಬ್ಯಾಡ್ ಆಬ್ಜೆಕ್ಟ್’. ಆಗ .ಗಿಟ್/ಲಾಗ್ಸ್/ಹೆಡ್ ಎಂಬ ಫೈಲಿನ (ಇದೇ ರಿಫ್ಲಾಗ್) ಕೊನೆಯ ಸಾಲುಗಳನ್ನು ಸುಮ್ಮನೆ ಟೇಲ್‌ನಲ್ಲಿ ನೋಡಿ. ಪ್ರತಿ ಸಾಲಿನಲ್ಲಿ ಹಳೆಯ ಹ್ಯಾಶ್, ಹೊಸ ಹ್ಯಾಶ್, ಹೆಸರು, ಇಮೇಲ್, ಸೆಕೆಂಡುಗಳಲ್ಲಿ ಸಮಯ, +0530, ಒಂದು ಟ್ಯಾಬ್, ಆಮೇಲೆ ‘ಕಮಿಟ್:’ ಮತ್ತು ಸಂದೇಶದ ಮೊದಲ ಸಾಲು. ಕೊನೆಯ ಸಾಲಿನ ಹಳೆಯ ಹ್ಯಾಶ್ ಗಿಟ್ ಕ್ಯಾಟ್-ಫೈಲ್ -ಟಿಗೆ ‘ಕಮಿಟ್’ ಎಂದು ಉತ್ತರಿಸಿದರೆ ನಿಲ್ಲಲು ನೆಲ ಸಿಕ್ಕಿತು:

ಗಿಟ್ ಅಪ್‌ಡೇಟ್-ರೆಫ್ -ಎಂ ದುರಸ್ತಿ ರೆಫ್ಸ್/ಹೆಡ್ಸ್/ಮೇನ್ <ಹಳೆಯ ಹ್ಯಾಶ್>

ಪುಶ್ ಆಗದ ಕಮಿಟ್ ಆಗಿದ್ದರೆ ಇಲ್ಲಿಂದ ಮತ್ತೆ ಆಡ್, ಕಮಿಟ್ ಮಾಡುವುದೇ ಜಾಣತನ. ಹ್ಯಾಶ್ ಬದಲಾಗುತ್ತದೆ, ಆಗಲಿ. ಪುಶ್ ಆಗಿದ್ದರೆ ಅದು ಇನ್ನೊಬ್ಬರ ಬಳಿ ಇದೆ, ಅಲ್ಲಿಂದ ತನ್ನಿ. ಅದೇ ಹ್ಯಾಶ್ ಬೇಕೇ ಬೇಕು ಎನ್ನುವ ಸಂದರ್ಭ ಕಡಿಮೆ: ಬಿಲ್ಡ್ ಲಾಗ್‌ನಲ್ಲೋ ಟಿಕೆಟ್‌ನಲ್ಲೋ ಆ ಹ್ಯಾಶ್ ಬರೆದಿಟ್ಟಿರಬಹುದು. ಆಗಲೂ ದಾರಿಯಿದೆ. ಕಮಿಟ್ ಆಬ್ಜೆಕ್ಟ್ ಎಂದರೆ ಟ್ರೀ, ಪೇರೆಂಟ್, ಆಥರ್, ಕಮಿಟರ್, ಸಂದೇಶ ಅಷ್ಟೇ, ಸರಳ ಪಠ್ಯ. ರೈಟ್-ಟ್ರೀ ಕೊಟ್ಟ ಹ್ಯಾಶ್, ರಿಫ್ಲಾಗ್‌ನ ಹಳೆಯ ಹ್ಯಾಶ್, ಅದೇ ಸಾಲಿನ ಸಮಯ ಮೂರೂ ಕೈಯಲ್ಲಿವೆ:

ಗಿಟ್_ಆಥರ್_ಡೇಟ್="<ಸೆಕೆಂಡು> +0530" ಗಿಟ್_ಕಮಿಟರ್_ಡೇಟ್="<ಸೆಕೆಂಡು> +0530" ಗಿಟ್ ಕಮಿಟ್-ಟ್ರೀ <ಟ್ರೀ> -ಪಿ <ಪೇರೆಂಟ್> -ಎಂ "<ಸಂದೇಶ>"

ಸಂದೇಶ ಒಂದೇ ಸಾಲಿನದಾಗಿದ್ದು, ಸಹಿ ಹಾಕದ ಸಾದಾ ಕಮಿಟ್ ಆಗಿದ್ದರೆ ಅದೇ ಹ್ಯಾಶ್ ಮರಳುತ್ತದೆ. ಅಮೆಂಡ್, ರಿಬೇಸ್ ಆಗಿದ್ದರೆ ಆಥರ್ ಸಮಯ ಬೇರೆಯಿರುತ್ತದೆ, ರಿಫ್ಲಾಗ್ ಅದನ್ನು ಹೇಳುವುದಿಲ್ಲ. ಕನ್ನಡ ಸಂದೇಶವನ್ನು ಕೈಯಲ್ಲಿ ಮತ್ತೆ ಟೈಪ್ ಮಾಡಲೇಬೇಡಿ, ರಿಫ್ಲಾಗ್‌ನಿಂದ ಕಾಪಿ ಮಾಡಿ. ಕೆಲವು ಕೀಬೋರ್ಡ್‌ಗಳು ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಕಣ್ಣಿಗೆ ಕಾಣದ ಜೀರೋ-ವಿಡ್ತ್ ನಾನ್-ಜಾಯ್ನರ್ ಒಂದನ್ನು ಬಿಟ್ಟುಹೋಗುತ್ತವೆ. ಅದೂ 3 ಬೈಟ್. ಓಕಾರದ ಚಿಹ್ನೆಯೂ ಹಾಗೆಯೇ: ಒಂದೇ ಕೋಡ್ ಪಾಯಿಂಟ್ ಆಗಿದ್ದರೆ 3 ಬೈಟ್, ಬಿಡಿಬಿಡಿಯಾಗಿ ಬರೆದರೆ 9. ಕಣ್ಣಿಗೆ ಒಂದೇ, ಹ್ಯಾಶ್‌ಗೆ ಬೇರೆ ಬೇರೆ.

ಆಬ್ಜೆಕ್ಟ್ ಸರಿಯಿದ್ದು, ಬ್ರಾಂಚ್‌ನ ತುದಿಯ ಹ್ಯಾಶ್ ಇಟ್ಟುಕೊಳ್ಳುವ ರೆಫ್ ಫೈಲೇ ಖಾಲಿಯಾಗಿರುವುದೂ ಉಂಟು. ಆಗ ಆ ಫೈಲ್ ಅಳಿಸಿ ಅಪ್‌ಡೇಟ್-ರೆಫ್ ಕೊಡಿ. ಅಳಿಸಿ ಸುಮ್ಮನೆ ಬಿಟ್ಟರೆ .ಗಿಟ್/ಪ್ಯಾಕ್ಡ್-ರೆಫ್ಸ್‌ನಲ್ಲಿ ಮಲಗಿದ್ದ ಯಾವುದೋ ಕಾಲದ ಹ್ಯಾಶ್ ಮೇಲೆದ್ದು, ಬ್ರಾಂಚ್ ನಿಶ್ಶಬ್ದವಾಗಿ ಹಿಂದಕ್ಕೆ ಹೋಗಿರುತ್ತದೆ. ಎರರ್ ಬಾರದ ಕಾರಣ ಇದು ಬೇಗ ಗೊತ್ತೇ ಆಗುವುದಿಲ್ಲ.

ಇನ್ನೊಬ್ಬರ ರೆಪೊದಿಂದ ತರುವುದು

ಗಿಟ್ ಫೆಚ್ ಹೊಡೆದರೆ ಕಳೆದದ್ದು ಬರುತ್ತದೆ ಎಂದುಕೊಳ್ಳುವುದು ಸಹಜ, ಬರುವುದಿಲ್ಲ. ಫೆಚ್ ಮಾತಾಡುವುದು ಕಮಿಟ್‌ಗಳ ಲೆಕ್ಕದಲ್ಲಿ. ‘ಈ ಕಮಿಟ್ ನನ್ನಲ್ಲಿದೆ’ ಎಂದು ನಿಮ್ಮ ಗಿಟ್ ಹೇಳಿದ ಮೇಲೆ ಅದರೊಳಗಿನ ಬ್ಲಾಬ್‌ಗಳೂ ಇವೆ ಎಂದೇ ಸರ್ವರ್ ನಂಬುತ್ತದೆ. ಗಿಟ್ 2.36ರಿಂದ ಗಿಟ್ ಫೆಚ್ --ರಿಫೆಚ್ ಇದೆ, ಅದು ಎಲ್ಲವನ್ನೂ ಮೊದಲಿನಿಂದ ತರುತ್ತದೆ. ಶಿವಮೊಗ್ಗ ಪೇಟೆಯೊಳಗೆ ಫೈಬರ್ ಇರುವವರಿಗೆ ಅದೇ ಸುಲಭ. ಆಗುಂಬೆ ಘಟ್ಟದ ಬದಿಯಲ್ಲಿ ಮೊಬೈಲ್ ಸಿಗ್ನಲ್‌ಗೆ ಮಾಳಿಗೆ ಹತ್ತುವವರಿಗೆ ಎರಡೇ ಆಬ್ಜೆಕ್ಟ್‌ಗಾಗಿ ಇಡೀ ರೆಪೊ ಇಳಿಸುವುದು ಆಗದ ಮಾತು. ಅವರು ಹ್ಯಾಶ್‌ಗಳನ್ನು ಮೆಸೇಜ್ ಮಾಡಲಿ, ಆ ಕಡೆಯವರು ಹೀಗೆ ತೆಗೆದುಕೊಡಲಿ:

ಗಿಟ್ ಕ್ಯಾಟ್-ಫೈಲ್ ಬ್ಲಾಬ್ <ಹ್ಯಾಶ್> > ಒಂದು
ಗಿಟ್ ಕ್ಯಾಟ್-ಫೈಲ್ ಟ್ರೀ <ಹ್ಯಾಶ್> > ಎರಡು

ಈ ಕಡೆ:

ಗಿಟ್ ಹ್ಯಾಶ್-ಆಬ್ಜೆಕ್ಟ್ -ಡಬ್ಲ್ಯು --ನೋ-ಫಿಲ್ಟರ್ಸ್ ಒಂದು
ಗಿಟ್ ಹ್ಯಾಶ್-ಆಬ್ಜೆಕ್ಟ್ -ಟಿ ಟ್ರೀ -ಡಬ್ಲ್ಯು ಎರಡು

ಟ್ರೀಗೆ ಕ್ಯಾಟ್-ಫೈಲ್ -ಪಿ ಬಳಸಬಾರದು. -ಪಿ ಓದಲು ಅನುಕೂಲವಾಗುವ ಪಟ್ಟಿ ಕೊಡುತ್ತದೆ, ನಿಜವಾದ ಟ್ರೀಯಲ್ಲಿ ಹ್ಯಾಶ್ 20 ಬೈಟ್‌ನ ಬೈನರಿ. ಆ ಪಟ್ಟಿಯನ್ನು ಎಂಕೆಟ್ರೀಗೆ ಕೊಡಬಹುದು, ಹ್ಯಾಶ್-ಆಬ್ಜೆಕ್ಟ್‌ಗೆ ಅಲ್ಲ. ಬೈನರಿ ಫೈಲನ್ನು ಚಾಟ್‌ನಲ್ಲಿ ಪೇಸ್ಟ್ ಮಾಡದೆ ಫೈಲ್ ಆಗಿಯೇ ಕಳಿಸಿ.

ಹತ್ತಾರು ಆಬ್ಜೆಕ್ಟ್ ಹೋಗಿದ್ದರೆ ಹ್ಯಾಶ್‌ಗಳನ್ನು ಸಾಲಿಗೊಂದರಂತೆ ಬರೆದ ಫೈಲನ್ನು ಅವರು ಗಿಟ್ ಪ್ಯಾಕ್-ಆಬ್ಜೆಕ್ಟ್ಸ್ --ಎಸ್‌ಟಿಡಿಔಟ್‌ಗೆ ಉಣಿಸಿ ಒಂದೇ ಪ್ಯಾಕ್ ಮಾಡಿ ಕೊಡಬಹುದು. ನೀವು ಗಿಟ್ ಅನ್‌ಪ್ಯಾಕ್-ಆಬ್ಜೆಕ್ಟ್ಸ್ < ಪ್ಯಾಕ್ ಎಂದು ಬಿಚ್ಚಿಕೊಳ್ಳಿ. ಆ ಪ್ಯಾಕ್ .ಗಿಟ್/ಆಬ್ಜೆಕ್ಟ್ಸ್/ಪ್ಯಾಕ್ ಒಳಗೆ ಇರಬಾರದು. ಅಲ್ಲಿದ್ದರೆ ‘ಇವೆಲ್ಲ ಆಗಲೇ ಇವೆ’ ಎಂದು ಒಂದನ್ನೂ ಬಿಚ್ಚುವುದಿಲ್ಲ.

ಎಲ್ಲ ಆದಮೇಲೆ ಇನ್ನೊಮ್ಮೆ ಎಫ್‌ಎಸ್‌ಸಿಕೆ. ರಿಫ್ಲಾಗ್‌ನ ಹಳೆಯ ಸಾಲು ಸತ್ತ ಕಮಿಟ್ ಕಡೆ ಕೈತೋರಿಸುತ್ತಿದ್ದರೆ ಗಿಟ್ ರಿಫ್ಲಾಗ್ ಎಕ್ಸ್‌ಪೈರ್ --ಸ್ಟೇಲ್-ಫಿಕ್ಸ್ --ಆಲ್ ಅದನ್ನು ತೆಗೆಯುತ್ತದೆ. ಅದಕ್ಕೆ ಮೊದಲು ಆ ಸಾಲನ್ನು ಬೇರೆಡೆ ಕಾಪಿ ಮಾಡಿಕೊಳ್ಳಿ, ಕಮಿಟ್ ಮರುಕಟ್ಟಲು ಇರುವ ಸುಳಿವು ಅದೊಂದೇ.

ಮುಂದಿನ ಮಳೆಗೆ ಇದು ಮರುಕಳಿಸದಿರಲು 2.36ರಲ್ಲೇ ಬಂದ ಇನ್ನೊಂದು ಸೆಟ್ಟಿಂಗ್ ಇದೆ:

ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಎಫ್‌ಸಿಂಕ್ ಆಡೆಡ್

ಲಿನಕ್ಸ್‌ನಲ್ಲಿ ಗಿಟ್ ಡಿಫಾಲ್ಟ್ ಆಗಿ ಪ್ಯಾಕ್‌ಗಳನ್ನು ಡಿಸ್ಕ್‌ಗೆ ಒತ್ತಿ ಬರೆಸುತ್ತದೆ, ಬಿಡಿ ಆಬ್ಜೆಕ್ಟ್‌ಗಳನ್ನು ಬಿಟ್ಟುಬಿಡುತ್ತದೆ. ‘ಆಡೆಡ್’ ಎಂದರೆ ಬಿಡಿ ಆಬ್ಜೆಕ್ಟ್, ಇಂಡೆಕ್ಸ್ ಎರಡೂ ಸೇರುತ್ತವೆ. ಸಾವಿರಾರು ಫೈಲ್ ಒಟ್ಟಿಗೆ ಆಡ್ ಮಾಡುವಾಗ, ಅದರಲ್ಲೂ ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ, ನಿಧಾನವಾಗುವುದು ಗೊತ್ತಾಗುತ್ತದೆ. ದಿನನಿತ್ಯದ ನಾಲ್ಕೈದು ಫೈಲಿನ ಕಮಿಟ್‌ನಲ್ಲಿ ಏನೂ ತಿಳಿಯುವುದಿಲ್ಲ.