ಗಂಟು ಬಿಗಿದ ಬೈಕಿನಲ್ಲಿ ದುರ್ಗದಿಂದ ಬಾದಾಮಿಗೆ

ಬೈಕ್ ಪ್ರವಾಸದಲ್ಲಿ ಎಲ್ಲಿ ಇಳಿಯಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನೆಲ್ಲ ಹಿಂದಿನ ಸೀಟಿಗೆ ಬಿಗಿದ ಗಂಟೇ ತೀರ್ಮಾನಿಸುತ್ತದೆ. ಕಾರಿನವರು ಬಾಗಿಲು ಹಾಕಿ ಬೀಗ ಒತ್ತಿ ನಡೆದುಬಿಡುತ್ತಾರೆ. ನಮ್ಮದು ಬಟ್ಟೆ, ರೇನ್‌ಕೋಟು, ಹೆಲ್ಮೆಟ್ಟು, ಟೂಲ್ ಕಿಟ್ಟು ಎಲ್ಲ ಬಯಲಲ್ಲೇ. ಹಾಗಾಗಿ ಹಿರಿಯೂರಿನ ಹತ್ತಿರ ತಿಂಡಿಗೆ ನಿಂತಾಗ ಗೆಳೆಯ ಮೆನು ನೋಡುವ ಮೊದಲು ನೋಡಿದ್ದು ಕಿಟಕಿ ಪಕ್ಕದ ಟೇಬಲ್ ಖಾಲಿ ಇದೆಯೇ ಎಂದು. ಎರಡೂ ಗಾಡಿ ಕಣ್ಣಿಗೆ ಬೀಳುವಂತೆ ಕೂತು ಇಡ್ಲಿ ತಿಂದೆವು.

ಬೆಂಗಳೂರಿನಿಂದ ಇನ್ನೂರು ಕಿಲೋಮೀಟರಿನ ಆಸುಪಾಸು ಚಿತ್ರದುರ್ಗ. ಏಳು ಸುತ್ತಿನ ಕೋಟೆಯನ್ನು ರೈಡಿಂಗ್ ಜಾಕೆಟ್ ತೊಟ್ಟು, ಒಂದು ಕೈಲಿ ಹೆಲ್ಮೆಟ್, ಹೆಗಲಿಗೆ ಸ್ಯಾಡಲ್ ಬ್ಯಾಗ್ ಹಾಕಿಕೊಂಡು ಹತ್ತುವುದು ಆಗದ ಮಾತು. ಪಾಳಿ ಮಾಡಿಕೊಂಡೆವು. ಗೆಳೆಯ ಮೊದಲು ಹೋದ, ನಾನು ಎಳನೀರಿನ ಗಾಡಿಯ ನೆರಳಿನಲ್ಲಿ ಕೂತೆ. ಎಳನೀರಿನವರು ಕೆಲಸ ಮಾಡುತ್ತಲೇ ನಮ್ಮ ಬೈಕುಗಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ‘ಗಾಡಿ ಯಾರೂ ಮುಟ್ಟಲ್ಲ ಸಾರ್. ಕೈಗೆ ಸಿಗೋದು ಹೋಗುತ್ತೆ’ ಅಂದರು. ಅವರು ಬೆರಳು ತೋರಿಸಿದ್ದು ಗಂಟಿನ ಮೇಲೆ ಬಿಗಿದ ಬಲೆಯ ಕೆಳಗೆ ಸಿಕ್ಕಿಸಿಟ್ಟಿದ್ದ ನನ್ನ ಕೈಗವಸುಗಳ ಕಡೆಗೆ.

ಮಾತು ಸರಿಯಾಗಿಯೇ ಇತ್ತು. ಬೈಕಿನ ಮೇಲಿನ ಸಾಮಾನಿಗೆ ಕಳ್ಳ ಸಿದ್ಧತೆ ಮಾಡಿಕೊಂಡು ಬರಬೇಕಿಲ್ಲ. ಗಂಟು ಬಿಗಿಯುವ ಬಂಜಿ ಹಗ್ಗ, ಅಂದರೆ ಎಳೆದರೆ ಹಿಗ್ಗುವ ಹಗ್ಗಕ್ಕೆ ಇರುವುದು ಎರಡು ಕೊಕ್ಕೆ. ಬಟ್ಟೆಯ ಬ್ಯಾಗಿನ ಜಿಪ್ಪಿಗೆ ಪುಟ್ಟ ಬೀಗ ಹಾಕಿದರೂ, ಬಾಲ್ ಪೆನ್ನಿನ ತುದಿ ಚುಚ್ಚಿದರೆ ನೈಲಾನ್ ಜಿಪ್ಪಿನ ಹಲ್ಲು ಬಾಯಿ ಬಿಡುತ್ತದೆ. ಬೇಕಾದ್ದು ತೆಗೆದುಕೊಂಡು ಬೀಗವನ್ನೇ ಹಿಂದೆ ಮುಂದೆ ಎಳೆದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಹೆಲ್ಮೆಟ್ಟನ್ನು ಪಟ್ಟಿಯಿಂದ ಲಾಕಿಗೆ ಸಿಕ್ಕಿಸಿದರೆ ಪಟ್ಟಿಯನ್ನೇ ಕತ್ತರಿಸುತ್ತಾರೆ. ಪಟ್ಟಿಯಿಲ್ಲದ ಹೆಲ್ಮೆಟ್ ಕದ್ದವನಿಗೂ ಉಪಯೋಗವಿಲ್ಲ, ಅದೇ ಹೊಟ್ಟೆ ಉರಿಸುವ ಸಂಗತಿ. ನಾನು ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ಕೇಬಲ್ಲನ್ನು ಹೆಲ್ಮೆಟ್ಟಿನ ಗಲ್ಲದ ಭಾಗದೊಳಗಿಂದ ತೂರಿಸಿ, ಬ್ಯಾಗಿನ ಹಿಡಿಗಳಿಗೆ ಸುತ್ತಿ, ಸಾರಿ ಗಾರ್ಡಿಗೆ ಬೀಗ ಹಾಕುತ್ತೇನೆ. ಕೊಳೆ ಬಟ್ಟೆ ಯಾವಾಗಲೂ ಮೇಲೆ. ದುಡ್ಡು, ಆರ್‌ಸಿ, ಕ್ಯಾಮೆರಾ ಮೈಮೇಲೆ.

ನನ್ನ ಪಾಳಿ ಬಂದಾಗ ಒನಕೆ ಓಬವ್ವನ ಕಿಂಡಿಯ ಮುಂದೆ ನಿಂತೆ. ಬಾಗಿಲ ಮೇಲೆ ಬಾಗಿಲು, ಸುತ್ತಿನ ಒಳಗೆ ಸುತ್ತು ಕಟ್ಟಿದ ಕೋಟೆಗೆ ಹೈದರಾಲಿಯ ಸೈನಿಕರು ನುಸುಳಲು ನೋಡಿದ್ದು ಒಬ್ಬೊಬ್ಬರೇ ತೂರುವಷ್ಟು ಸಂದಿಯಲ್ಲಿ. ಜಿಪ್ಪಿನ ಧ್ಯಾನದಲ್ಲೇ ಇದ್ದ ನನಗೆ ಅದು ಕೋಟೆಯ ಜಿಪ್ಪಿನಂತೆಯೇ ಕಂಡಿತು. ಕೊನೆಗೆ ಕೋಟೆ ಹೈದರನ ಕೈ ಸೇರಿದ್ದು 1779ರಲ್ಲಿ.

ಹೊಸಪೇಟೆ ತಲುಪಿದ್ದು ಸಂಜೆಗೆ. ಮೊದಲು ರೂಮು ಹಿಡಿದು ಗಂಟು ಇಳಿಸಿ, ಬೆಳಿಗ್ಗೆ ಖಾಲಿ ಬೈಕಿನಲ್ಲಿ ಹಂಪಿಗೆ ಹೋದೆವು. ಇದು ಗೊತ್ತಿದ್ದೂ ಜನ ಮಾಡುವುದಿಲ್ಲ. ‘ದಾರಿಯಲ್ಲೇ ನೋಡಿಕೊಂಡು ಹೋಗೋಣ’ ಅನ್ನುವ ಆತುರ. ವಿಜಯ ವಿಠ್ಠಲ ದೇವಸ್ಥಾನಕ್ಕೆ ಗಾಡಿಯನ್ನು ದೂರದಲ್ಲೇ ನಿಲ್ಲಿಸಿ ಬ್ಯಾಟರಿ ವಾಹನ ಹತ್ತಬೇಕು. ಕಲ್ಲಿನ ರಥದ ಮುಂದೆ ನಿಂತಾಗ ಬೈಕು ಕಣ್ಣಳತೆಯಲ್ಲೂ ಇರುವುದಿಲ್ಲ. ಅವತ್ತು ಅಲ್ಲಿ ನೆಮ್ಮದಿಯಿಂದ ಹೊತ್ತು ಕಳೆದೆವು, ಯಾಕೆಂದರೆ ಬೈಕಿನ ಮೇಲೆ ಕದಿಯಲು ಏನೂ ಇರಲಿಲ್ಲ.

ಕುಷ್ಟಗಿ, ಗಜೇಂದ್ರಗಡದ ಮೇಲೆ ಬಾದಾಮಿಗೆ ಬಂದರೆ ಅಲ್ಲಿನ ಕಳ್ಳರಿಗೆ ಬಾಲ ಇತ್ತು. ಗುಹೆಗಳ ಕೆಳಗಿನ ಪಾರ್ಕಿಂಗಿನಲ್ಲಿ ಪುಣೆಯವರ ಒಂದು ಬೈಕಿನ ಸೀಟಿನ ಮೇಲೆ ಕೋತಿಯೊಂದು ಸ್ವಂತದ್ದೇ ಎಂಬಂತೆ ಕೂತಿತ್ತು. ಟ್ಯಾಂಕ್ ಬ್ಯಾಗಿನ ಜಿಪ್ಪಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಸರ್ರನೆ ಎಳೆಯಿತು. ಟೂತ್‌ಪೇಸ್ಟ್ ಮೂಸಿ ಎಸೆಯಿತು. ಓಆರ್‌ಎಸ್ ಪೊಟ್ಟಣ ಹಲ್ಲಲ್ಲಿ ಹರಿದು, ನೆಕ್ಕಿ, ಮುಖ ಕಿವುಚಿ, ಉಳಿದದ್ದನ್ನು ಸ್ಪೀಡೋಮೀಟರಿನ ಮೇಲೆ ಸುರಿಯಿತು. ಗೆಳೆಯ ಕೋಲು ಹಿಡಿದು ಓಡಿಸುವ ಹೊತ್ತಿಗೆ ಕನ್ನಡಕದ ಪೆಟ್ಟಿಗೆಯೊಂದಿಗೆ ಮರ ಹತ್ತಿತ್ತು. ಚಾಲುಕ್ಯರ ಮಂಗಳೇಶನ ಕ್ರಿ.ಶ. 578ರ ಶಾಸನವಿರುವ ಮೂರನೇ ಗುಹೆಯಿಂದ ಇಳಿದು ಬಂದ ಪುಣೆಯವರು ನಕ್ಕರು. ಇದು ಎರಡನೇ ಕಳವಂತೆ. ಹಿಂದಿನ ಸಂಜೆ ಹೆದ್ದಾರಿ ಡಾಬಾವೊಂದರ ಹೊರಗೆ ಬಲೆಯ ಕೆಳಗಿನ ರೇನ್‌ಕೋಟುಗಳು ಹೋಗಿದ್ದವು. ದೂರು ಕೊಟ್ಟಿರಲಿಲ್ಲ.

ಕೊಡಬೇಕಿತ್ತು ಅಂತ ನನ್ನ ಅಭಿಪ್ರಾಯ, ಸಿಗುವ ಭರವಸೆ ಇಲ್ಲದಿದ್ದರೂ. 2024ರ ಜುಲೈನಿಂದ ಕಳವು ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ನಿಗೆ ಬರುತ್ತದೆ. ಮಾಲು 5,000 ರೂಪಾಯಿಗಿಂತ ಕಡಿಮೆಯದಾಗಿ, ಮೊದಲ ಸಲ ಸಿಕ್ಕಿಬಿದ್ದವನು ಅದನ್ನು ಮರಳಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಇನ್ಶೂರೆನ್ಸ್ ಅಂತೂ ನೆಚ್ಚಿಕೊಳ್ಳುವಂತಿಲ್ಲ: ಬೈಕಿನ ಸಾಮಾನ್ಯ ಪ್ಯಾಕೇಜ್ ಪಾಲಿಸಿಯಲ್ಲಿ ಆಕ್ಸೆಸರಿ ಕಳುವಾದದ್ದಕ್ಕೆ ಪರಿಹಾರ ಸಿಗಬೇಕಾದರೆ, ಬೈಕೂ ಅದರ ಜೊತೆಗೇ ಕಳುವಾಗಿರಬೇಕು. ಬ್ಯಾಗಿನೊಳಗಿನ ಬಟ್ಟೆಬರೆಯನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಊರಿಗೆ ಬಂದ ಮೇಲೆ ಗೆಳೆಯ ಅಲ್ಯೂಮಿನಿಯಂ ಪೆಟ್ಟಿಗೆ ಹಾಕಿಸಿಕೊಂಡ. ಕೋತಿಗೆ ತೆರೆಯಲು ಬರುವುದಿಲ್ಲ, ಪೆನ್ನು ನಾಟುವುದಿಲ್ಲ. ಆದರೆ ಎರಡೂ ಬದಿಯಲ್ಲಿ ಉಬ್ಬಿಕೊಂಡ ಗಾಡಿಯನ್ನು ಪೀಣ್ಯದ ಟ್ರಾಫಿಕ್ಕಿನಲ್ಲಿ ತೂರಿಸಲಾಗದೆ ಬಸ್ಸಿನ ಹಿಂದೆ ನಿಂತು ಬೈಯುತ್ತಿರುತ್ತಾನೆ. ನನ್ನದು ಇನ್ನೂ ಕೇಬಲ್ಲೇ.